ಮಿಡ್ಲ್ ಗ್ರೇಡೋ, ಯಂಗ್ ಅಡಲ್ಟೋ: ‘ದಿ ಗಿವರ್’ ಕಾದಂಬರಿಯ ಪ್ರಕರಣ

ಲೋಯಿಸ್ ಲೌರಿ ಅವರ ‘ದಿ ಗಿವರ್’ 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಮರುವರ್ಷವೇ ಅದಕ್ಕೆ ನ್ಯೂಬೆರಿ ಪದಕ ಬಂತು. ಈ ಪದಕ ಕೊಡುವುದು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ ಮಕ್ಕಳ ವಿಭಾಗ. ಅದರ ನಿಯಮದಲ್ಲಿ ಮಕ್ಕಳು ಎಂದರೆ 14ರವರೂ ಸೇರಿ ಅದಕ್ಕಿಂತ ಚಿಕ್ಕವರು. 2007ರಲ್ಲಿ ಅದೇ ಸಂಘದ ಹದಿಹರೆಯದವರ ವಿಭಾಗ ಲೌರಿ ಅವರಿಗೆ ಮಾರ್ಗರೆಟ್ ಎ. ಎಡ್ವರ್ಡ್ಸ್ ಪ್ರಶಸ್ತಿ ಕೊಟ್ಟಿತು. ಅದು ಯಂಗ್ ಅಡಲ್ಟ್, ಅಂದರೆ ಹದಿಹರೆಯದವರ, ಸಾಹಿತ್ಯಕ್ಕೆ ಬಾಳಿಕೆಯ ಕೊಡುಗೆ ಕೊಟ್ಟವರಿಗೆ ಸಲ್ಲುವ ಪ್ರಶಸ್ತಿ, ಮತ್ತು ಆಧಾರವಾಗಿ ಹೆಸರಿಸಿದ ಕೃತಿ ಇದೇ ‘ದಿ ಗಿವರ್’. ಅಂದರೆ ಒಂದೇ ಸಂಘದ ಎರಡು ವಿಭಾಗಗಳು ಒಂದೇ ಪುಸ್ತಕವನ್ನು ತಮ್ಮ ತಮ್ಮ ಓದುಗರದ್ದು ಎಂದು ಹೇಳಿವೆ.

ಶಾಲೆಯ ಗ್ರಂಥಪಾಲಕರಿಗೆ ಈ ಸೌಲಭ್ಯವಿಲ್ಲ. ಇರುವುದು ಒಂದೇ ಪ್ರತಿಯಾದರೆ ಅದನ್ನು ಒಂದೇ ಕಪಾಟಿನಲ್ಲಿ ಇಡಬೇಕು. ಪ್ರಕಾಶಕರು ಹಿಂಬದಿಯ ರಟ್ಟಿನ ಮೇಲೆ ಒಂದೇ ವಯಸ್ಸು ಅಚ್ಚು ಹಾಕಬೇಕು. ಇಂಥದ್ದೇ ಗಡಿಯಲ್ಲಿ ನಿಂತ ಕಾದಂಬರಿ ಬರೆಯುತ್ತಿರುವವರು ಅದನ್ನು ಯಾವ ಸಂಪಾದಕರಿಗೆ ಕಳಿಸಬೇಕೆಂದು ನಿರ್ಧರಿಸಬೇಕು. ಈ ಬರಹ ಆ ತೀರ್ಮಾನಕ್ಕೆ ಬರುವ ದಾರಿಯನ್ನು ‘ದಿ ಗಿವರ್’ ಇಟ್ಟುಕೊಂಡು ಹೆಜ್ಜೆಹೆಜ್ಜೆಯಾಗಿ ನೋಡುತ್ತದೆ. ಕಥೆಯ ಗುಟ್ಟುಗಳನ್ನೂ ಕೊನೆಯನ್ನೂ ಬಿಚ್ಚಿಡದೆ ಈ ಕೆಲಸ ಆಗದು. ಓದಿಲ್ಲದವರು ಮೊದಲು ಪುಸ್ತಕ ಓದಿ ಬರುವುದು ಒಳ್ಳೆಯದು, ಐದು ಗಂಟೆಯ ಓದು ಅಷ್ಟೇ. ಚುಟುಕಾಗಿ ಕಥೆ ಇದು: ನೋವು, ಬಣ್ಣ, ನೆನಪು ಎಲ್ಲವನ್ನೂ ತೆಗೆದುಹಾಕಿ ಕಟ್ಟುನಿಟ್ಟಾಗಿ ನಡೆಯುವ ಒಂದು ಊರಿನಲ್ಲಿ, ಲೋಕದ ಹಳೆಯ ನೆನಪುಗಳನ್ನು ಗಿವರ್ ಎಂಬ ಮುದುಕನಿಂದ ಪಡೆದುಕೊಳ್ಳುವ ಕೆಲಸಕ್ಕೆ ಜೋನಸ್ ಎಂಬ ಹುಡುಗ ಆಯ್ಕೆಯಾಗುತ್ತಾನೆ.

ಗಡಿ ಎಲ್ಲಿದೆ

ಅಮೆರಿಕದ ಪುಸ್ತಕೋದ್ಯಮದಲ್ಲಿ ಮಿಡ್ಲ್ ಗ್ರೇಡ್ ಎಂದರೆ ಸುಮಾರು 8ರಿಂದ 12 ವರ್ಷದ ಓದುಗರು, ಯಂಗ್ ಅಡಲ್ಟ್ ಎಂದರೆ 12ರಿಂದ 18. ಅಂಗಡಿಗಳು ಪುಸ್ತಕ ವಿಂಗಡಿಸಲು ಬಳಸುವ ವಿಷಯಸಂಕೇತಗಳಲ್ಲೂ ಮಕ್ಕಳ ಕಥೆ 11ರವರೆಗೆ, ಯಂಗ್ ಅಡಲ್ಟ್ 12ರಿಂದ 17 ಎಂಬ ವಿಂಗಡಣೆ ಇದೆ. ಮಿಡ್ಲ್ ಗ್ರೇಡ್ ಕಾದಂಬರಿಯ ನಾಯಕರು ಸಾಮಾನ್ಯವಾಗಿ 10ರಿಂದ 13ರ ನಡುವಿನವರು, ಯಂಗ್ ಅಡಲ್ಟಿನವರು 15ರಿಂದ 18. ಮಕ್ಕಳು ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಓದಲು ಇಷ್ಟಪಡುತ್ತಾರೆ, ಚಿಕ್ಕವರ ಕಥೆಯನ್ನು ಪಕ್ಕಕ್ಕಿಡುತ್ತಾರೆ. ಈ ಅಂಕಿಗಳ ಹಿಂದಿರುವ ಲೆಕ್ಕ ಅದು. ನಡುವೆ 14ರ ನಾಯಕನಿರುವ ಹಸ್ತಪ್ರತಿ ಬಂದರೆ ಸಂಪಾದಕರು ಹಿಂಜರಿಯುವುದೂ ಇದೇ ಕಾರಣಕ್ಕೆ: ಎಂಟನೇ ತರಗತಿಯವರು ಅದನ್ನು ತಮ್ಮದೆನ್ನಬಹುದು, ಆದರೆ ಅಂಗಡಿಯಲ್ಲಿ ಅದಕ್ಕೆ ನಿಶ್ಚಿತ ಕಪಾಟಿಲ್ಲ.

ನಮ್ಮಲ್ಲಿ ಈ ಗೆರೆ ಇಷ್ಟು ಗಾಢವಾಗಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರವೇ 9ರಿಂದ 16ರವರೆಗಿನ ಓದುಗರನ್ನು ಒಂದೇ ಗುಂಪಾಗಿ ಹಿಡಿಯುತ್ತದೆ. ಆದರೆ ಬೆಂಗಳೂರಿನ ಶಾಲೆಯ ಗ್ರಂಥಾಲಯದಲ್ಲಿ ಇಂಗ್ಲಿಷ್ ಕಾದಂಬರಿಗಳನ್ನು ಜೋಡಿಸುವವರಿಗೂ, ಅಮೆರಿಕದಲ್ಲಿ ಆರನೇ ತರಗತಿಯ ಮಗು ತಂದ ಓದುಪಟ್ಟಿಯನ್ನು ಹಿಡಿದು ಕುಳಿತ ಕನ್ನಡದ ತಂದೆತಾಯಿಗಳಿಗೂ ಪ್ರಶ್ನೆ ಎದುರಾಗಿಯೇ ಇದೆ.

ಮೊದಲ ಅಳತೆಗಳು, ಮತ್ತು ಅವು ಸಾಲದಿರುವುದು

ಮೊದಲು ಹತ್ತು ನಿಮಿಷದಲ್ಲಿ ಮುಗಿಯುವ ಅಳತೆಗಳನ್ನು ತೆಗೆದುಕೊಳ್ಳಬೇಕು. ‘ದಿ ಗಿವರ್’ನಲ್ಲಿ 23 ಅಧ್ಯಾಯಗಳು, ಸುಮಾರು 43 ಸಾವಿರ ಪದಗಳು. ಮಿಡ್ಲ್ ಗ್ರೇಡಿಗೆ 30ರಿಂದ 55 ಸಾವಿರ, ಯಂಗ್ ಅಡಲ್ಟಿಗೆ 55ರಿಂದ 90 ಸಾವಿರ ಎಂಬ ರೂಢಿಯ ಲೆಕ್ಕ ಹಿಡಿದರೆ ಇದು ಮಿಡ್ಲ್ ಗ್ರೇಡಿನೊಳಗೆ ಆರಾಮವಾಗಿ ಕೂರುತ್ತದೆ. (ಕನ್ನಡದ ಹಸ್ತಪ್ರತಿಗೆ ಈ ಅಂಕಿಗಳನ್ನು ಹಾಗೇ ಹಚ್ಚಬಾರದು. ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಅದೇ ಕಥೆ ಕನ್ನಡದಲ್ಲಿ ಕಾಲು ಭಾಗದಷ್ಟಾದರೂ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಪುಟ ಎಣಿಸುವುದೇ ಮೇಲು.) ನಾಯಕ ಜೋನಸ್‌ಗೆ ಕಥೆ ಶುರುವಾದಾಗ ಹನ್ನೊಂದು, ಡಿಸೆಂಬರಿನ ಸಮಾರಂಭದಲ್ಲಿ ಹನ್ನೆರಡು. ಕಥೆ ಮುಗಿಯುವುದು ಅದರ ಮುಂದಿನ ಡಿಸೆಂಬರಿನ ಹೊತ್ತಿಗೆ. ಈ ಅಳತೆಯೂ ಮಿಡ್ಲ್ ಗ್ರೇಡ್ ಎಂದೇ ಹೇಳುತ್ತದೆ.

ಇನ್ನು ಓದಿನ ಮಟ್ಟ. ಲೆಕ್ಸೈಲ್ ಅಳತೆಯಲ್ಲಿ ಇದಕ್ಕೆ 760, ಅಂದರೆ ನಾಲ್ಕನೇ ತರಗತಿಯ ಆಸುಪಾಸು. ಆಕ್ಸಿಲರೇಟೆಡ್ ರೀಡರ್ ಅಳತೆಯಲ್ಲಿ 5.7, ಅಂದರೆ ಐದನೇ ತರಗತಿಯ ಕೊನೆಯ ಭಾಗ. ಬಹಳಷ್ಟು ತಪ್ಪು ತೀರ್ಮಾನಗಳು ಹುಟ್ಟುವುದು ಇಲ್ಲೇ. ಈ ಎರಡೂ ಅಳತೆಗಳು ವಾಕ್ಯದ ಉದ್ದವನ್ನೂ ಪದಗಳು ಎಷ್ಟು ಪರಿಚಿತ ಎಂಬುದನ್ನೂ ಎಣಿಸುತ್ತವೆ, ವಿಷಯವನ್ನು ಮುಟ್ಟುವುದಿಲ್ಲ. ಲೌರಿ ಅವರ ವಾಕ್ಯಗಳು ಚಿಕ್ಕವು, ಪದಗಳು ದಿನಬಳಕೆಯವು, ಆದ್ದರಿಂದ ಅಂಕ ಕೆಳಗಿಳಿಯುತ್ತದೆ. ಅಂಕವನ್ನೇ ನಂಬಿ ಎಂಟು ವರ್ಷದ ಚುರುಕು ಓದುಗಾರ್ತಿಯ ಕೈಗೆ ಪುಸ್ತಕ ಕೊಟ್ಟರೆ ಅವಳು ಪ್ರತಿ ಪದವನ್ನೂ ಓದಿಯಾಳು, ಹತ್ತೊಂಬತ್ತನೇ ಅಧ್ಯಾಯದಲ್ಲಿ ಒಂಟಿಯಾಗಿ ಸಿಕ್ಕಿಕೊಳ್ಳುತ್ತಾಳೆ.

ಇದೇ ಅಂಕಕ್ಕೆ ಒಂದು ಒಳ್ಳೆಯ ಉಪಯೋಗವೂ ಇದೆ. ಕನ್ನಡ ಮಾಧ್ಯಮದಲ್ಲಿ ಕಲಿತು ಎಂಟು–ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷ್ ಕಾದಂಬರಿಗೆ ಕೈಹಾಕುವ ಹುಡುಗ ಹುಡುಗಿಯರಿಗೆ ಸಿಗುವ ಸುಲಭ ಭಾಷೆಯ ಪುಸ್ತಕಗಳೆಲ್ಲ ಚಿಕ್ಕ ಮಕ್ಕಳವು. ತಮ್ಮ ವಯಸ್ಸಿನ ಯೋಚನೆಗೆ ತಕ್ಕ ಪುಸ್ತಕಗಳ ಭಾಷೆ ಕಷ್ಟ. ಭಾಷೆ ಹಗುರ, ವಿಷಯ ಭಾರ ಆಗಿರುವ ‘ದಿ ಗಿವರ್’ ಆ ಮಕ್ಕಳಿಗೆ ಬಹಳ ಸರಿಯಾದ ಪುಸ್ತಕ. ಗ್ರಂಥಪಾಲಕರು ಇದನ್ನು ನೆನಪಿಟ್ಟುಕೊಳ್ಳಲೇಬೇಕು.

ಪ್ರಕಾಶಕರ ಗುರುತೂ ಒಂದು ಸುಳಿವು. ಆದರೆ ಇಲ್ಲಿ ಅದು ಉಲ್ಟಾ ದಿಕ್ಕಿಗೆ ಎಳೆಯುತ್ತದೆ: ಇದರ ಅಗ್ಗದ ಪೇಪರ್‌ಬ್ಯಾಕ್ ಲಾರೆಲ್-ಲೀಫ್ ಎಂಬ ಹದಿಹರೆಯದವರ ಮುದ್ರೆಯಡಿ ಬಂತು. ಜೊತೆಗೆ ಕಾಲವನ್ನೂ ಗಮನಿಸಬೇಕು. ಹದಿಹರೆಯದವರ ಪುಸ್ತಕಗಳಿಗೆಂದೇ ಇರುವ ಪ್ರಿಂಟ್ಜ್ ಪ್ರಶಸ್ತಿ ಶುರುವಾದದ್ದು 2000ರಲ್ಲಿ. 1994ರ ನ್ಯೂಬೆರಿ ಸಮಿತಿಯ ಮುಂದೆ ಹಾಗೊಂದು ಪ್ರಶಸ್ತಿಯೇ ಇರಲಿಲ್ಲ. ಹಾಗಾಗಿ ಮುಖಪುಟದ ಮೇಲಿನ ಪದಕದ ಮುದ್ರೆಯನ್ನು ನೋಡಿ ‘ಇದು ಮಕ್ಕಳ ಪುಸ್ತಕ’ ಎಂದು ನಿಶ್ಚಯಿಸುವುದು ಅವಸರವಾಗುತ್ತದೆ.

ಅಧ್ಯಾಯವಾರು ಪಟ್ಟಿ

ನಿಜವಾದ ಕೆಲಸ ಎರಡನೇ ಓದಿನಲ್ಲಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ, ಪ್ರತಿ ಅಧ್ಯಾಯಕ್ಕೆ ಒಂದು ಸಾಲು ಬರೆಯಬೇಕು: ಕಷ್ಟದ ಸಂಗತಿ ಏನು, ಅದು ಪುಟದ ಮೇಲೆ ಕಣ್ಣೆದುರು ನಡೆಯುತ್ತದೋ, ಮಾತಿನಲ್ಲಿ ಬಂದು ಹೋಗುತ್ತದೋ, ಎಷ್ಟು ಉದ್ದ, ಅದಾದ ಮೇಲೆ ನಾಯಕನ ಪಕ್ಕದಲ್ಲಿ ಯಾರಿದ್ದಾರೆ. ನಾಲ್ಕನೆಯ ಕಾಲಂ ಅನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಮ್ಮ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಮಿಡ್ಲ್ ಗ್ರೇಡ್ ಕಥೆಯಲ್ಲೂ ಸಾವು ಬರುತ್ತದೆ, ಕ್ರೌರ್ಯ ಬರುತ್ತದೆ. ಆ ಕ್ಷಣದಲ್ಲಿ ಮಗುವಿನ ಕೈ ಹಿಡಿಯುವ ಒಬ್ಬರು ಕಥೆಯೊಳಗೇ ಇರುತ್ತಾರೋ ಇಲ್ಲವೋ ಎಂಬುದು ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ.

ಐದನೇ ಅಧ್ಯಾಯದಲ್ಲಿ ಜೋನಸ್‌ಗೆ ಒಂದು ಕನಸು ಬೀಳುತ್ತದೆ. ವೃದ್ಧರ ಮನೆಯ ಸ್ನಾನದ ಕೋಣೆಯಲ್ಲಿ ಗೆಳತಿ ಫಿಯೋನಾ ಟಬ್ಬಿಗಿಳಿಯಲಿ ಎಂದು ಅವನು ಬಯಸುತ್ತಾನೆ, ಅವಳು ನಗುತ್ತಾ ಒಲ್ಲೆ ಎನ್ನುತ್ತಾಳೆ. ಬೆಳಗಿನ ತಿಂಡಿಯ ಹೊತ್ತಿಗೆ ಮನೆಯವರ ಮುಂದೆ ಅವನು ಅದನ್ನು ಹೇಳುತ್ತಾನೆ. ತಾಯಿ ಇದು ಎಲ್ಲರಿಗೂ ಬರುವಂಥದ್ದು ಎಂದು ಸಮಾಧಾನ ಹೇಳಿ ಮಾತ್ರೆ ಕೊಡುತ್ತಾರೆ, ಬಯಕೆ ಅಲ್ಲಿಗೆ ನಿಲ್ಲುತ್ತದೆ. ಪೋಷಕರ ಆಕ್ಷೇಪಗಳಲ್ಲಿ ಈ ದೃಶ್ಯ ಮತ್ತೆ ಮತ್ತೆ ಬರುತ್ತದೆ. ಪಟ್ಟಿಯಲ್ಲಿ ಇಟ್ಟು ನೋಡಿದರೆ ಅದರ ಪ್ರಮಾಣ ತಿಳಿಯುತ್ತದೆ. ಕನಸು ನೇರವಾಗಿ ನಡೆಯುವುದಿಲ್ಲ, ಹೇಳಿಕೆಯಾಗಿ ಬರುತ್ತದೆ. ಉದ್ದ ಕೆಲವೇ ಸಾಲು. ತಂದೆತಾಯಿ ಇಬ್ಬರೂ ಅಲ್ಲೇ ಇದ್ದಾರೆ. ಹನ್ನೊಂದು–ಹನ್ನೆರಡರ ಮಗುವಿಗೆ ತನ್ನ ದೇಹದ ಬದಲಾವಣೆಯ ಬಗ್ಗೆ ಇರುವ ಮುಜುಗರಕ್ಕೆ ಹೊಂದುವ ದೃಶ್ಯ ಅದು. ಇದೊಂದರಿಂದ ಪುಸ್ತಕ ಯಂಗ್ ಅಡಲ್ಟ್ ಆಗುವುದಿಲ್ಲ.

ಏಳನೆಯದರಲ್ಲಿ, ಒಂದು ಪದ ತಪ್ಪಾಗಿ ಹೇಳಿದ್ದಕ್ಕೆ, ಆಗ ಮೂರು ವರ್ಷದವನಾಗಿದ್ದ ಗೆಳೆಯ ಆಷರ್‌ನ ಕಾಲಿಗೆ ಬೆತ್ತದಿಂದ ಹೊಡೆದು ಹೊಡೆದು ಅವನು ಮಾತನ್ನೇ ನಿಲ್ಲಿಸಿದ ಪ್ರಸಂಗ ಇದೆ. ಸಭೆ ಅದನ್ನು ತಮಾಷೆಯ ನೆನಪಾಗಿ ಕೇಳಿ ನಗುತ್ತದೆ. ಚಿಕ್ಕ ಓದುಗರೂ ನಗುತ್ತಾರೆ, ಸ್ವಲ್ಪ ದೊಡ್ಡವರಿಗೆ ನಗು ಅರ್ಧಕ್ಕೆ ನಿಲ್ಲುತ್ತದೆ. ಹದಿನೈದನೆಯದು ಯುದ್ಧದ ನೆನಪು: ರಣರಂಗದಲ್ಲಿ ಸಾಯುತ್ತಾ ನೀರು ಬೇಡುವ ಹುಡುಗ. ಪುಸ್ತಕದ ಅತಿ ಚಿಕ್ಕ ಅಧ್ಯಾಯಗಳಲ್ಲಿ ಒಂದು ಅದು. ಕಣ್ಣೆದುರೇ ನಡೆಯುತ್ತದೆ, ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಆ ನೆನಪನ್ನು ದಾಟಿಸಿದ ಮುದುಕ ಗಿವರ್ ಪಕ್ಕದಲ್ಲೇ ಇದ್ದು ಕ್ಷಮೆ ಕೇಳುತ್ತಾನೆ. ಹದಿನೆಂಟನೆಯದರಲ್ಲಿ ಹತ್ತು ವರ್ಷದ ಹಿಂದೆ ಇದೇ ಕೆಲಸಕ್ಕೆ ಆಯ್ಕೆಯಾಗಿದ್ದ ರೋಸ್‌ಮೇರಿ ತಾನೇ ಬೇಡಿ ‘ಬಿಡುಗಡೆ’, ಅಂದರೆ ಆ ಊರಿನ ಮಾತಿನಲ್ಲಿ ಸಾವು, ಪಡೆದ ಕಥೆ, ಗಿವರ್‌ನ ಬಾಯಲ್ಲಿ.

ಹತ್ತೊಂಬತ್ತನೇ ಅಧ್ಯಾಯಕ್ಕೆ ಬಂದಾಗ ನಾಲ್ಕೂ ಕಾಲಂ ಒಟ್ಟಿಗೆ ಭಾರವಾಗುತ್ತವೆ. ಅವಳಿ ಶಿಶುಗಳಲ್ಲಿ ತೂಕ ಕಡಿಮೆ ಇರುವುದನ್ನು, ಊರಿನ ಶಿಶುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿರುವ ಜೋನಸ್‌ನ ಅಪ್ಪ ಮುದ್ದು ಮಾತಾಡುತ್ತಲೇ ಹಣೆಯ ಮೇಲ್ಭಾಗದ ನರಕ್ಕೆ ಸೂಜಿ ಚುಚ್ಚಿ ಕೊಲ್ಲುತ್ತಾನೆ, ಪುಟ್ಟ ಪೆಟ್ಟಿಗೆಯಲ್ಲಿಟ್ಟು ಕಸದಂತೆ ಕೊಳವೆಯೊಳಕ್ಕೆ ಜಾರಿಸುತ್ತಾನೆ. ಜೋನಸ್ ಅದನ್ನು ವಿಡಿಯೊ ಮುದ್ರಿಕೆಯಲ್ಲಿ ನೋಡುತ್ತಾನೆ. ಅಲ್ಲಿ ರಕ್ತವಿಲ್ಲ, ಕೂಗಾಟವಿಲ್ಲ. ಹೊಡೆತ ಇರುವುದು ಆ ಕೈ ಯಾರದ್ದು ಎಂಬುದರಲ್ಲಿ. ಮೊದಲ ಅಧ್ಯಾಯದಿಂದ ನಾವು ನೋಡಿದ ಅತ್ಯಂತ ಅಕ್ಕರೆಯ ಮನುಷ್ಯ ಈ ಅಪ್ಪ. ಬಳಲಿದ ಕೂಸು ಗೇಬ್ರಿಯಲ್ ಚೇತರಿಸಿಕೊಳ್ಳಲಿ ಎಂದು ಮನೆಗೇ ತಂದು ಸಾಕಿದವನು.

ಇಡೀ ತೀರ್ಮಾನ ಈ ದೃಶ್ಯದ ಸುತ್ತ ತಿರುಗುತ್ತದೆ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಪ್ರಕಟಿಸುವ, ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ‘ದಿ ಗಿವರ್’ 1990–1999ರ ದಶಕಕ್ಕೆ 11ನೆಯದು, 2000–2009ಕ್ಕೆ 23ನೆಯದು. ಆಕ್ಷೇಪಿಸುವವರು ಬಹುಪಾಲು ಈ ಒಂದೆರಡು ಪುಟಗಳನ್ನು ಹರಿದು ಮುಂದಿಟ್ಟಂತೆ ಮಾತಾಡುತ್ತಾರೆ. ಒಂದು ದೃಶ್ಯವನ್ನು ಕಥೆಯಿಂದ ಬಿಡಿಸಿ ತೂಗಿದರೆ ಯಾವ ತೂಕವೂ ಸರಿ ಬರುವುದಿಲ್ಲ. ಹಾಗೆಂದು ಅದನ್ನು ಹಗುರ ಮಾಡುವುದೂ ತಪ್ಪು. ಕೇಳಬೇಕಾದದ್ದು ಇಷ್ಟು: ಈ ದೃಶ್ಯ ತಲುಪುವ ಹೊತ್ತಿಗೆ ಓದುಗ ಎಲ್ಲಿ ನಿಂತಿರುತ್ತಾನೆ?

ಓದುಗ ನಾಯಕನ ಹಿಂದೆಯೋ, ಪಕ್ಕದಲ್ಲೋ, ಮುಂದೆಯೋ

ಜೋನಸ್‌ನ ಊರಿನಲ್ಲಿ ‘ಬಿಡುಗಡೆ’ ಎಂಬ ಮಾತು ಮೊದಲ ಅಧ್ಯಾಯದಿಂದಲೇ ಕೇಳಿಬರುತ್ತದೆ. ದಾರಿ ತಪ್ಪಿ ಊರ ಮೇಲೆ ವಿಮಾನ ಹಾರಿಸಿದ ಪೈಲಟ್‌ಗೆ ಬಿಡುಗಡೆ. ನಾಲ್ಕನೇ ಅಧ್ಯಾಯದಲ್ಲಿ ವೃದ್ಧ ರಾಬರ್ಟೋಗೆ ಹಾಡು-ಭಾಷಣಗಳ ಸಮಾರಂಭದೊಂದಿಗೆ ಬಿಡುಗಡೆ. ಹದಿನಾಲ್ಕನೆಯದರಲ್ಲಿ ಹುಟ್ಟಲಿರುವ ಅವಳಿಗಳಲ್ಲಿ ಒಂದಕ್ಕೆ ಬಿಡುಗಡೆ ಆಗಲಿದೆ ಎಂಬ ಮನೆಮಾತು. ಜೋನಸ್ ಇದನ್ನು ಬೇರೆ ಊರಿಗೆ ಹೋಗುವುದು ಎಂದೇ ನಂಬಿದ್ದಾನೆ. ಕಥೆ ‘ಅವನು’ ಎನ್ನುವ ಪ್ರಥಮ ಪುರುಷದಲ್ಲಿದ್ದರೂ ಅವನ ತಲೆಯಿಂದ ಆಚೆ ಒಂದು ಹೆಜ್ಜೆ ಇಡುವುದಿಲ್ಲ. ಅವನಿಗೆ ಗೊತ್ತಿಲ್ಲದ್ದನ್ನು ನಿರೂಪಣೆ ನಮಗೆ ಕಣ್ಣುಮಿಟುಕಿಸಿ ಹೇಳುವುದಿಲ್ಲ.

ಹೀಗಿರುವಾಗ ಓದುಗರು ಮೂರು ರೀತಿ ಓದುತ್ತಾರೆ. ಎಂಟು–ಒಂಬತ್ತರ ಮಗು ಜೋನಸ್‌ನ ಹಿಂದೆ ನಡೆಯುತ್ತದೆ. ಬಿಡುಗಡೆ ಎಂದರೆ ಬಿಡುಗಡೆ ಎಂದು ನಂಬಿ, ಹತ್ತೊಂಬತ್ತನೆಯದರಲ್ಲಿ ಸೂಜಿ ಚುಚ್ಚಿದ್ದನ್ನು ಓದಿಯೂ ಏನಾಯಿತೆಂದು ಪೂರ್ತಿ ಹಿಡಿಯದೆ ಹೋಗಬಹುದು. ಹಿಡಿದರೆ, ಅದಕ್ಕೆ ಮೊದಲು ಸಿದ್ಧತೆಯ ಅನುಮಾನವೇ ಹುಟ್ಟಿರದ ಕಾರಣ ಪೆಟ್ಟು ನೇರವಾಗಿ ಬೀಳುತ್ತದೆ. ಹದಿನಾರರ ಓದುಗಾರ್ತಿ ಜೋನಸ್‌ಗಿಂತ ಬಹಳ ಮುಂದಿರುತ್ತಾಳೆ. ಪೈಲಟ್‌ನ ಮಾತು ಬಂದಾಗಲೇ ‘ಓಹೋ, ಕೊಂದರು’ ಎಂದುಕೊಳ್ಳುತ್ತಾಳೆ, ಉಳಿದ ಹದಿನೆಂಟು ಅಧ್ಯಾಯ ಅವನಿಗೆ ಯಾವಾಗ ಹೊಳೆಯುತ್ತದೋ ಎಂದು ಕಾಯುತ್ತಾಳೆ. ಅವಳಿಗೂ ಪುಸ್ತಕ ಹಿಡಿಸಬಹುದು. ಆದರೆ ಅಪ್ಪನ ಕೈಯ ಆಘಾತ ಅವಳಿಗೆ ಒಂದು ದೃಢೀಕರಣವಾಗಿ ಉಳಿಯುತ್ತದೆ.

ಹನ್ನೊಂದರಿಂದ ಹದಿನಾಲ್ಕರವರು ಜೋನಸ್‌ನ ಪಕ್ಕದಲ್ಲಿ ನಡೆಯುತ್ತಾರೆ. ಮೊದಲು ನಂಬುತ್ತಾರೆ, ರಾಬರ್ಟೋನ ಸಮಾರಂಭದ ಹೊತ್ತಿಗೆ ಏನೋ ಸರಿಯಿಲ್ಲ ಎನ್ನಿಸುತ್ತದೆ, ಒಂಬತ್ತನೇ ಅಧ್ಯಾಯದಲ್ಲಿ ಜೋನಸ್‌ಗೆ ಸುಳ್ಳು ಹೇಳುವ ಅನುಮತಿ ಸಿಕ್ಕಾಗ, ಬೇರೆ ದೊಡ್ಡವರಿಗೂ ಇದೇ ಅನುಮತಿ ಇರಬಹುದೇ ಎಂದು ಅವನ ಜೊತೆಗೇ ತಣ್ಣಗೆ ಬೆವರುತ್ತಾರೆ. ಹತ್ತೊಂಬತ್ತಕ್ಕೆ ಬಂದಾಗ ಅನುಮಾನ ಇದೆ, ಒಪ್ಪಿಕೊಳ್ಳುವ ಮನಸ್ಸಿಲ್ಲ. ಕಾದಂಬರಿಯನ್ನು ಕಟ್ಟಿರುವುದೇ ಈ ಸ್ಥಿತಿಯಲ್ಲಿರುವ ಓದುಗರಿಗಾಗಿ. ಒಂದು ಕಾದಂಬರಿ ಯಾರದು ಎಂದು ತೀರ್ಮಾನಿಸಲು ನಮಗೆ ಇದಕ್ಕಿಂತ ನಂಬಿಕೆಯ ಪರೀಕ್ಷೆ ಸಿಕ್ಕಿಲ್ಲ: ನಾಯಕನಿಗೆ ತಿಳಿಯುವ ಹೊತ್ತಿಗೇ ತಿಳಿಯುವ ಓದುಗ ಯಾವ ವಯಸ್ಸಿನವನೋ ಪುಸ್ತಕ ಅವನದು.

ಇದನ್ನು ಊಹೆಗೆ ಬಿಡಬೇಕಿಲ್ಲ, ಓದಿಸಿ ನೋಡಬಹುದು. ಐದನೇ, ಏಳನೇ, ಒಂಬತ್ತನೇ ತರಗತಿಗಳಿಂದ ನಾಲ್ಕೈದು ಮಕ್ಕಳಂತೆ ಆರಿಸಿ. ಐದನೆಯವರಿಗೆ ಹದಿನಾಲ್ಕನೇ ಅಧ್ಯಾಯದ ತನಕ ಮಾತ್ರ ಕೊಡಿ, ಪೋಷಕರಿಗೆ ಮೊದಲೇ ತಿಳಿಸಿ. ಒಂದು, ನಾಲ್ಕು, ಹದಿನಾಲ್ಕು, ಹದಿನೆಂಟು, ಈ ಅಧ್ಯಾಯಗಳ ಕೊನೆಗೆ ನಿಲ್ಲಿಸಿ ಚೀಟಿಯ ಮೇಲೆ ಒಂದೇ ಪ್ರಶ್ನೆಗೆ ಒಂದು ಸಾಲಿನ ಉತ್ತರ ಬರೆಸಿ: ಬಿಡುಗಡೆಯಾದವರು ಎಲ್ಲಿಗೆ ಹೋಗುತ್ತಾರೆ? ಚೀಟಿಗೆ ತರಗತಿ ಸಾಕು, ಹೆಸರು ಬೇಡ. ಮಕ್ಕಳು ಒಬ್ಬರ ಉತ್ತರ ಒಬ್ಬರು ನೋಡಬಾರದು, ಒಬ್ಬ ಜಾಣ ಹೇಳಿಬಿಟ್ಟರೆ ಇಡೀ ಗುಂಪಿನ ಚೀಟಿ ಹಾಳು. ಮೊದಲ ನಿಲುಗಡೆಯಲ್ಲೇ ಹೆಚ್ಚಿನವರು ಸಾವು ಎಂದು ಬರೆದ ತರಗತಿ ಕಥೆಗಿಂತ ಮುಂದಿದೆ. ಹದಿನಾಲ್ಕರ ನಂತರವೂ ಯಾರೊಬ್ಬರೂ ಅನುಮಾನಿಸದ ತರಗತಿಗೆ ಇನ್ನೂ ಒಂದೆರಡು ವರ್ಷ ಬೇಕು. ‘ಇಷ್ಟವಾಯಿತೇ?’ ಎಂದು ಕೇಳಿ ಪ್ರಯೋಜನವಿಲ್ಲ. ಕೇಳಿದವರ ಮುಖ ನೋಡಿ ಮಕ್ಕಳು ಹೌದು ಎನ್ನುತ್ತಾರೆ.

ವಯಸ್ಸು ಏರಿಸಿದರೆ ಏನಾಗುತ್ತದೆ

ಎರಡನೇ ಪರೀಕ್ಷೆ ನಾಯಕನ ವಯಸ್ಸನ್ನು ಮೂರು–ನಾಲ್ಕು ವರ್ಷ ಏರಿಸಿ, ಯಾವ ದೃಶ್ಯಗಳು ಮುರಿಯುತ್ತವೆ ಎಂದು ನೋಡುವುದು. ಸಾಮಾನ್ಯವಾಗಿ ಇದನ್ನು ಮನಸ್ಸಿನಲ್ಲೇ ಮಾಡಬೇಕು. ಈ ಪುಸ್ತಕದ ವಿಷಯದಲ್ಲಿ ಅದನ್ನು ಬೇರೆಯವರು ಮಾಡಿ ತೋರಿಸಿದ್ದಾರೆ. 2014ರಲ್ಲಿ ಫಿಲಿಪ್ ನಾಯ್ಸ್ ನಿರ್ದೇಶನದಲ್ಲಿ ಬಂದ ಚಲನಚಿತ್ರದಲ್ಲಿ ಜೋನಸ್ ಪುಸ್ತಕದವನಿಗಿಂತ ಹಲವು ವರ್ಷ ದೊಡ್ಡವನು, ಪಾತ್ರ ಮಾಡಿದ್ದು ಬೆಳೆದ ನಟ. ಚಿತ್ರಕ್ಕೆ ಸಿಕ್ಕಿದ್ದು ಪಿಜಿ-13 ಶ್ರೇಣಿ, ಅಂದರೆ 13ಕ್ಕಿಂತ ಚಿಕ್ಕವರ ವಿಷಯದಲ್ಲಿ ಪೋಷಕರು ಎಚ್ಚರ ವಹಿಸಲಿ ಎಂಬ ಸೂಚನೆ.

ಬದಲಾದದ್ದು ವಯಸ್ಸೊಂದೇ ಅಲ್ಲ. ಪುಸ್ತಕದಲ್ಲಿ ಒಂದು ಕನಸು, ಒಂದು ಮಾತ್ರೆಯಾಗಿ ಮುಗಿದದ್ದು ಚಿತ್ರದಲ್ಲಿ ಫಿಯೋನಾ ಜೊತೆಗಿನ ಪ್ರೇಮವಾಗಿ, ಮುತ್ತಾಗಿ ಬೆಳೆಯಿತು. ಬೆಳೆದ ಹುಡುಗನ ಕಥೆಗೆ ಪ್ರೇಮ ತಾನಾಗಿಯೇ ನುಗ್ಗುತ್ತದೆ, ಇಲ್ಲದಿದ್ದರೆ ಅದರ ಗೈರುಹಾಜರಿಗೇ ಕಾರಣ ಕೊಡಬೇಕಾಗುತ್ತದೆ. ಇನ್ನೂ ದೊಡ್ಡ ನಷ್ಟ ಅಪ್ಪನ ವಿಷಯದಲ್ಲಿ. ಹನ್ನೆರಡರ ಹುಡುಗ ಅಪ್ಪನನ್ನು ಪೂರ್ತಿ ನಂಬಿದ್ದಾನೆ ಎಂದರೆ ಯಾರೂ ಪ್ರಶ್ನಿಸುವುದಿಲ್ಲ. ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿನವನು ಹಾಗೆ ನಂಬಿದ್ದಾನೆ ಎಂದರೆ ಅವನು ಇಷ್ಟು ವರ್ಷ ಕಣ್ಣು ಮುಚ್ಚಿ ಕೂತಿದ್ದನೇ ಎಂದು ನೋಡುವವರು ಕೇಳುತ್ತಾರೆ. ಹದಿನಾರನೇ ಅಧ್ಯಾಯದಲ್ಲಿ ಜೋನಸ್ ತಂದೆತಾಯಿಗಳನ್ನು, ನೀವು ನನ್ನನ್ನು ಪ್ರೀತಿಸುತ್ತೀರಾ ಎಂದು ಕೇಳುತ್ತಾನೆ. ಮಾತು ನಿಖರವಾಗಿರಲಿ ಎಂದು ಅವರು ತಿದ್ದುತ್ತಾರೆ. ಮಗುವೊಂದು ಕೇಳಿದಾಗ ಎದೆ ಹಿಂಡುವ ಈ ಪ್ರಶ್ನೆ ಯುವಕನ ಬಾಯಲ್ಲಿ ಬೇರೆಯೇ ಆಗುತ್ತದೆ. ಆದ್ದರಿಂದ ಈ ಕಾದಂಬರಿಯಲ್ಲಿ ಹನ್ನೆರಡು ಎಂಬುದು ಬದಲಾಯಿಸಬಹುದಾದ ಅಂಕಿಯಲ್ಲ.

ತಮ್ಮ ಹಸ್ತಪ್ರತಿಯ ಬಗ್ಗೆ ಗೊಂದಲದಲ್ಲಿರುವ ಲೇಖಕರಿಗೆ ಇದೇ ಪರೀಕ್ಷೆಯನ್ನು ಗಟ್ಟಿಯಾಗಿ ಶಿಫಾರಸು ಮಾಡುತ್ತೇವೆ. ಮೂರು ದೃಶ್ಯ ಆರಿಸಿ: ಮನೆಯವರ ಜೊತೆಗಿನದೊಂದು, ಗೆಳೆಯರ ಜೊತೆಗಿನದೊಂದು, ನಾಯಕ ಅತಿ ದೊಡ್ಡ ನಿರ್ಧಾರ ತೆಗೆದುಕೊಳ್ಳುವುದೊಂದು. 12 ಎಂದಿರುವಲ್ಲಿ 16 ಎಂದು ಹಾಕಿ, ಅಥವಾ 16 ಇದ್ದಲ್ಲಿ 12. ಸಂಭಾಷಣೆಯ ಒಂದು ಸಾಲನ್ನೂ ಬದಲಾಯಿಸಬೇಕಾಗದಿದ್ದರೆ ತೊಂದರೆ ವರ್ಗದ ಆಯ್ಕೆಯಲ್ಲಿಲ್ಲ, ಪಾತ್ರ ಇನ್ನೂ ಯಾವ ವಯಸ್ಸಿನದೂ ಆಗಿಲ್ಲ ಎಂದರ್ಥ. ಅಂಥ ಹಸ್ತಪ್ರತಿಯಲ್ಲಿ ಹೆಚ್ಚಾಗಿ ಕಾಣುವ ದೋಷ ಎಂದರೆ ಮಗುವಿನ ಮೈಯಲ್ಲಿ ನಡುವಯಸ್ಸಿನವರ ಧ್ವನಿ. ಹನ್ನೆರಡರ ಹುಡುಗಿ ‘ಆ ದಿನಗಳು ಎಷ್ಟು ಚೆನ್ನಾಗಿದ್ದವು’ ಎಂದು ಬಾಲ್ಯವನ್ನು ಹಿಂದಿರುಗಿ ನೋಡತೊಡಗಿದರೆ ಆ ಕಾದಂಬರಿ ಮಿಡ್ಲ್ ಗ್ರೇಡೂ ಅಲ್ಲ, ಯಂಗ್ ಅಡಲ್ಟೂ ಅಲ್ಲ. ಅದು ಬಾಲ್ಯದ ಬಗ್ಗೆ ದೊಡ್ಡವರಿಗಾಗಿ ಬರೆದ ಕಾದಂಬರಿ, ಅದಕ್ಕೆ ಬೇರೆ ಪ್ರಕಾಶಕರೇ ಇದ್ದಾರೆ.

ಎದುರು ವಾದ: ಕೊನೆ

ಯಂಗ್ ಅಡಲ್ಟ್ ಎನ್ನುವವರ ಬಲವಾದ ಸಾಕ್ಷಿ ಕೊನೆಯ ಮೂರು ಅಧ್ಯಾಯಗಳು. ಗೇಬ್ರಿಯಲ್‌ಗೂ ಬಿಡುಗಡೆ ನಿಶ್ಚಯವಾಯಿತೆಂದು ತಿಳಿದು ಜೋನಸ್ ಯೋಜನೆಯನ್ನೆಲ್ಲ ಬಿಟ್ಟು ಕೂಸನ್ನು ಅಪ್ಪನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ರಾತ್ರೋರಾತ್ರಿ ಊರು ಬಿಡುತ್ತಾನೆ. ಮಿಡ್ಲ್ ಗ್ರೇಡ್ ಕಥೆಗಳಲ್ಲಿ ನಾಯಕ ಸಾಹಸ ಮುಗಿಸಿ ಸಾಮಾನ್ಯವಾಗಿ ಮನೆಗೆ ಮರಳುತ್ತಾನೆ, ಅಥವಾ ಹೊಸ ಮನೆ ಸಿಗುತ್ತದೆ. ಜೋನಸ್ ಮರಳುವಂತಿಲ್ಲ. ಗಿವರ್ ಹಿಂದೆ ಉಳಿದಿದ್ದಾನೆ, ನಾಲ್ಕನೇ ಕಾಲಂ ಪೂರ್ತಿ ಖಾಲಿ. ಹಸಿವು, ಚಳಿ, ಕೊನೆಗೆ ಹಿಮದ ಗುಡ್ಡ, ಜಾರುಬಂಡಿ, ಕೆಳಗೆ ದೀಪಗಳು, ಹಾಡು. ಅವು ನಿಜವೋ, ಸಾಯುತ್ತಿರುವ ಮಕ್ಕಳ ಕಣ್ಣಿಗೆ ಕಂಡದ್ದೋ ಎಂದು ಪುಸ್ತಕ ಹೇಳುವುದಿಲ್ಲ. ಮುಂದಿನ ಪುಸ್ತಕ ಬಂದದ್ದು 2000ರಲ್ಲಿ. ಅಷ್ಟು ವರ್ಷ ಓದುಗರು ಉತ್ತರವಿಲ್ಲದೆಯೇ ಇದ್ದರು.

ಈ ವಾದವನ್ನು ನಾವು ಗೌರವಿಸುತ್ತೇವೆ, ಒಪ್ಪುವುದಿಲ್ಲ. ತೆರೆದ ಕೊನೆಯೊಂದೇ ಪುಸ್ತಕವನ್ನು ಮೇಲಿನ ವಯಸ್ಸಿಗೆ ಎತ್ತುವುದಿಲ್ಲ. ಕೊನೆಯಲ್ಲಿ ನಾಯಕ ಬಯಸುವುದೇನು ಎಂಬುದನ್ನು ನೋಡಬೇಕು. ಯಂಗ್ ಅಡಲ್ಟ್ ಕಾದಂಬರಿಯ ಹೋರಾಟ ಬಹುಮಟ್ಟಿಗೆ ತಾನು ಯಾರು, ಈ ಲೋಕದಲ್ಲಿ ತನ್ನ ಜಾಗ ಯಾವುದು ಎಂಬುದರ ಸುತ್ತ. ಜೋನಸ್‌ನ ಬಯಕೆ ಒಂದು ಕೂಸು ಬದುಕಲಿ ಎನ್ನುವುದು, ಮತ್ತು ಎಲ್ಲೋ ಒಂದು ಕಡೆ ಅಜ್ಜ-ಅಜ್ಜಿ, ದೀಪ, ಬೆಚ್ಚನೆಯ ಕೋಣೆ ಇರುವ ಮನೆ ಇರಲಿ ಎನ್ನುವುದು. ಗಿವರ್ ಕೊಟ್ಟ ಅತ್ಯಂತ ಪ್ರೀತಿಯ ನೆನಪು ಅದೇ. ಊರ ವ್ಯವಸ್ಥೆಯನ್ನು ಉರುಳಿಸುವುದು ಅವನ ಮನಸ್ಸಿನ ಮುಂದಿನ ಸಾಲಿನಲ್ಲಿಲ್ಲ. ಮನೆಗಾಗಿ ಹಂಬಲಿಸುವ ಕಥೆ ಮಿಡ್ಲ್ ಗ್ರೇಡಿನ ಹೃದಯದಲ್ಲೇ ಇರುವ ಕಥೆ.

ತೀರ್ಮಾನ ಮತ್ತು ಅದನ್ನು ಜಾರಿಗೆ ತರುವುದು

‘ದಿ ಗಿವರ್’ ಮಿಡ್ಲ್ ಗ್ರೇಡ್, ಅದರ ಮೇಲಿನ ತುದಿ: 11ರಿಂದ 14 ವರ್ಷ, ನಮ್ಮ ಲೆಕ್ಕದಲ್ಲಿ ಆರರಿಂದ ಒಂಬತ್ತನೇ ತರಗತಿ. ಯಂಗ್ ಅಡಲ್ಟ್ ಕಪಾಟಿಗೆ ಹಾಕಿದರೆ ಆರನೇ ತರಗತಿಯವರ ಕೈ ಅಲ್ಲಿಗೆ ಹೋಗುವುದಿಲ್ಲ, ಹೋಗುವ ಹೊತ್ತಿಗೆ ಅವರು ಕಥೆಗಿಂತ ಮುಂದೆ ಸಾಗಿರುತ್ತಾರೆ. 8–12 ಎಂಬ ಅಗಲವಾದ ಚೀಟಿ ಅಂಟಿಸಿದರೆ ಮೂರನೇ ತರಗತಿಯ ಚುರುಕು ಓದುಗರ ಕೈಗೆ ಅಕಾಲದಲ್ಲಿ ಸಿಗುತ್ತದೆ. ಆದ್ದರಿಂದ ಮಕ್ಕಳ ವಿಭಾಗದಲ್ಲೇ ಇಟ್ಟು, ಬೆನ್ನಿನ ಮೇಲೆ ‘11+’ ಎಂದು ಬೇರೆ ಬಣ್ಣದ ಚೀಟಿ ಅಂಟಿಸಿ. ‘ಪೋಷಕರ ಅನುಮತಿ ಬೇಕು’ ಎಂಬ ಚೀಟಿ ಬೇಡ. ಅದು ಹತ್ತೊಂಬತ್ತನೇ ಅಧ್ಯಾಯವನ್ನು ಮೊದಲೇ ಹುಡುಕಿ ಓದುವಂತೆ ಮಾಡುತ್ತದೆ.

ತರಗತಿಯಲ್ಲಿ ಗಟ್ಟಿಯಾಗಿ ಓದಿಸುವವರು ಸಮಯವನ್ನು ಲೆಕ್ಕ ಹಾಕಿಕೊಳ್ಳಬೇಕು. ಒಂದು ಅಧ್ಯಾಯಕ್ಕೆ ಸರಾಸರಿ ಹದಿಮೂರು ನಿಮಿಷ. ಹದಿನೆಂಟನೆಯದನ್ನು ಒಂದು ದಿನ, ಹತ್ತೊಂಬತ್ತನೆಯದನ್ನು ಗಂಟೆ ಹೊಡೆಯುವ ಮುಂಚೆ ಓದಿ ಮಕ್ಕಳನ್ನು ಮನೆಗೆ ಕಳಿಸುವುದು ಸಾಮಾನ್ಯವಾಗಿ ನಡೆಯುವ, ಮತ್ತು ದೂರು ತರುವ, ತಪ್ಪು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ಮೂರನ್ನೂ 45 ನಿಮಿಷದ ಒಂದೇ ಅವಧಿಯಲ್ಲಿ ಓದಿ ಮುಗಿಸಬೇಕು, ಮರುದಿನದ ಅವಧಿಯನ್ನು ಮಾತುಕತೆಗೇ ಬಿಡಬೇಕು. ಇಪ್ಪತ್ತನೆಯದರಲ್ಲಿ ಗಿವರ್ ಜೋನಸ್‌ನನ್ನು ಆ ರಾತ್ರಿ ತನ್ನ ಬಳಿಯೇ ಇರಿಸಿಕೊಂಡು, ಇಬ್ಬರೂ ಸೇರಿ ಏನು ಮಾಡಬಹುದೆಂದು ಯೋಚಿಸುತ್ತಾನೆ. ಆಘಾತವಾದ ಮಗುವಿಗೆ ಬೇಕಾದ ಜೊತೆ ಕಥೆಯಲ್ಲೇ ಇದೆ, ವೇಳಾಪಟ್ಟಿ ಅದನ್ನು ಕತ್ತರಿಸದಿದ್ದರೆ ಸಾಕು.

ಇದೇ ಸರಣಿಯ ಉಳಿದ ಮೂರು ಪುಸ್ತಕಗಳ ವಿಷಯ ಬೇರೆಯಾಗಿ ನೋಡಬೇಕು. ಸರಣಿ ಎಂದ ಕೂಡಲೇ ನಾಲ್ಕನ್ನೂ ಒಂದೇ ಚೀಟಿಯಡಿ ಜೋಡಿಸುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. 2000ದ ‘ಗ್ಯಾದರಿಂಗ್ ಬ್ಲೂ’, 2004ರ ‘ಮೆಸೆಂಜರ್’ ಎರಡಕ್ಕೂ 11+ ಹೊಂದುತ್ತದೆ. 2012ರ ‘ಸನ್’ (ಮಗ) ಶುರುವಾಗುವುದೇ ಹದಿನಾಲ್ಕರ ಕ್ಲೇರ್ ಹೆರಿಗೆಯ ಮೇಜಿನ ಮೇಲೆ ಮಲಗಿರುವಲ್ಲಿಂದ. ಅದು ಮೊದಲ ಪುಸ್ತಕಕ್ಕಿಂತ ಬಹಳ ದಪ್ಪ, ಮಗುವನ್ನು ಕಳೆದುಕೊಂಡ ತಾಯಿಯ ಕಥೆ. ಅದನ್ನು ಓದುವ ಸುಖ ಮೊದಲ ಪುಸ್ತಕವನ್ನು ಎರಡು ಮೂರು ವರ್ಷದ ಹಿಂದೆ ಓದಿದವರಿಗೇ ಹೆಚ್ಚು. ‘ಸನ್’ ಅನ್ನು ಯಂಗ್ ಅಡಲ್ಟ್ ಕಪಾಟಿನಲ್ಲಿ 13+ ಎಂದು ಇಡಿ, ಕ್ಯಾಟಲಾಗಿನ ನಮೂದಿನಲ್ಲಿ ಮೊದಲ ಮೂರು ಎಲ್ಲಿವೆ ಎಂದು ಬರೆಯಿರಿ.